ಒಂದು ಗಂಟೆಗೆ ಒಂದು ಗೇಣು

ನಮ್ಮ ಕಸುಬಿನಲ್ಲಿ ‘ಎಷ್ಟು ಹೊತ್ತಾಗುತ್ತೆ?’ ಎಂದು ಕೇಳಿದರೆ ಯಾರೂ ಇದ್ದದ್ದನ್ನು ಇದ್ದ ಹಾಗೆ ಹೇಳುವುದಿಲ್ಲ. ಸುಳ್ಳು ಹೇಳುತ್ತೇವೆ ಎಂದಲ್ಲ, ಕೇಳುವವರ ಮುಖ ನೋಡಿ ಹೇಳುತ್ತೇವೆ. ಸಿಡುಕಿನ ಆಸಾಮಿಯಾದರೆ ಅರ್ಧ ದಿನ ಹೆಚ್ಚು. ಕೊಟ್ಟ ಮಾತಿಗೆ ಜೋತುಬೀಳುವವನಾದರೆ ಎರಡರಷ್ಟು. ಪೈಪಿನ ಕೆಲಸವೆಂದರೆ ಗೋಡೆಯೊಳಗಿನ ಕೆಲಸ. ಒಡೆದು ನೋಡುವ ತನಕ ಒಳಗೇನಿದೆ ಎಂಬುದು ಕಟ್ಟಿದವನಿಗೂ ನೆನಪಿರುವುದಿಲ್ಲ. ಹಾಗಾಗಿ ಹೇಳುವ ಮಾತಿನೊಳಗೇ ಒಂದಿಷ್ಟು ಹೊತ್ತನ್ನು ಬಚ್ಚಿಟ್ಟುಕೊಳ್ಳುವುದು ನಮ್ಮ ಅಭ್ಯಾಸ. ಮೂವತ್ತು ವರ್ಷ ಹೀಗೇ ದುಡಿದು ತಿಂದೆ. ಬಚ್ಚಿಟ್ಟಿದ್ದು ಎಲ್ಲಿದೆ ಎಂದು ಯಾರೂ ಕೇಳಿರಲಿಲ್ಲ.

ಕೇಳಿದ್ದು ಆಸ್ಪತ್ರೆಯ ಎಂಜಿನಿಯರಮ್ಮ. ಗಿಡ್ಡ ಹೆಂಗಸು, ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಆಮೇಲೆ ಪೆನ್ಸಿಲ್ ಎಲ್ಲಿ ಎಂದು ಮೇಜೆಲ್ಲ ಹುಡುಕುವ ಪೈಕಿ. ಡಯಾಲಿಸಿಸ್ ವಾರ್ಡಿನ ನೀರಿನ ಪೈಪುಗಳನ್ನೆಲ್ಲ ಕಿತ್ತು ಹೊಸದು ಹಾಕಬೇಕಿತ್ತು. ನನ್ನನ್ನು ಕರೆಸಿ ವಾರ್ಡು ತೋರಿಸಿದರು. ನಾನು ಗೋಡೆ ತಟ್ಟಿ ನೋಡಿ, ಗಡ್ಡ ಕೆರೆದುಕೊಂಡು, “ಇಪ್ಪತ್ತು ಗಂಟೆ ಹಿಡಿಯುತ್ತೆ ಮೇಡಂ” ಎಂದೆ.

“ಯಾವ ಲೆಕ್ಕದ ಇಪ್ಪತ್ತು ಮೇಸ್ತ್ರಿ?” ಎಂದರು.

“ಗಂಟೆ ಲೆಕ್ಕದ ಇಪ್ಪತ್ತು” ಎಂದೆ, ಸ್ವಲ್ಪ ಜೋರಾಗಿಯೇ.

“ಅದಲ್ಲ. ಎಲ್ಲ ಸಲೀಸಾಗಿ ನಡೆದ್ರೆ ಎಷ್ಟು? ಎಂದಿನ ಹಾಗೆ ನಡೆದ್ರೆ ಎಷ್ಟು? ಗ್ರಹಚಾರ ಕೆಟ್ಟರೆ ಎಷ್ಟು? ಮೂರೂ ಹೇಳಿ. ಇಪ್ಪತ್ತು ಅನ್ನೋದು ಇದ್ರಲ್ಲಿ ಯಾವುದು?”

ನನ್ನ ಮುಖ ನನಗೇ ಬಿಸಿಯಾಯಿತು. ಆಕೆ ಜಗಳಕ್ಕೆ ನಿಂತಿರಲಿಲ್ಲ, ನಿಜಕ್ಕೂ ತಿಳಿಯಬೇಕೆಂದು ಕೇಳಿದ್ದರು. ನಾನು ಬೆರಳು ಮಡಚಿ ಎಣಿಸಿ, ಸಲೀಸಾದರೆ ಒಂಬತ್ತು, ಎಂದಿನಂತಾದರೆ ಹನ್ನೆರಡು, ಕೆಟ್ಟರೆ ಇಪ್ಪತ್ತು ಎಂದು ಒಪ್ಪಿಕೊಂಡೆ. ಅವರು ಮೂರನ್ನೂ ಬರೆದುಕೊಂಡು ಥ್ಯಾಂಕ್ಸ್ ಹೇಳಿದರು. ನನ್ನ ಜೇಬಿಗೇ ಕೈ ಹಾಕಿ ಹಣ ತೆಗೆದುಕೊಂಡು ಥ್ಯಾಂಕ್ಸ್ ಹೇಳಿದಂತಾಯಿತು ನನಗೆ. ಅವತ್ತು ಸಂಜೆಯೊಳಗೆ ಅವರಿಗೆ ‘ಅಂದಾಜಮ್ಮ’ ಎಂದು ಹೆಸರಿಟ್ಟೆ. ಆ ಹೆಸರು ಇಡೀ ಆಸ್ಪತ್ರೆಗೆ ಹಬ್ಬಿತು. ಆಮೇಲೆ ಗೊತ್ತಾಯಿತು, ಅದು ಅವರ ಕಿವಿಗೂ ಬಿದ್ದಿತ್ತು, ಅವರಿಗೆ ಇಷ್ಟವೂ ಆಗಿತ್ತು.

ಆ ವಾರ್ಡು ನನಗೆ ಬರೀ ಕೆಲಸದ ಜಾಗವಾಗಿರಲಿಲ್ಲ. ನನ್ನ ಅಕ್ಕ ಅಲ್ಲಿನ ರೋಗಿ. ಎರಡು ಕಿಡ್ನಿಯೂ ಕೈಕೊಟ್ಟ ಮೇಲೆ ಸೋಮವಾರ, ಬುಧವಾರ, ಶುಕ್ರವಾರ ಅಲ್ಲಿನ ಯಂತ್ರದ ಪಕ್ಕ ನಾಲ್ಕು ಗಂಟೆ ಕೂತು ರಕ್ತ ಶುದ್ಧಿ ಮಾಡಿಸಿಕೊಳ್ಳುತ್ತಿದ್ದಳು. ಅಪ್ಪ ಅಮ್ಮ ಬೇಗ ಹೋದರು. ಅಕ್ಕ ಹೊಲಿಗೆ ಯಂತ್ರ ತುಳಿದು ನನ್ನನ್ನು ಸಾಕಿದಳು, ಮದುವೆ ಗಿದುವೆ ಎಂದು ತಲೆಕೆಡಿಸಿಕೊಳ್ಳಲಿಲ್ಲ. ನನಗೆ ಐವತ್ತು ದಾಟಿದೆ, ಅವಳ ಬಾಯಲ್ಲಿ ಇನ್ನೂ ‘ಪುಟ್ಟ’. ನಾವಿಬ್ಬರೇ ಒಂದೇ ಮನೆಯಲ್ಲಿದ್ದೇವೆ.

ಡಯಾಲಿಸಿಸ್‌ಗೆ ನೀರು ಬೇಕು, ಕೊಡಗಟ್ಟಲೆ ನೀರು, ಅದೂ ಕುಡಿಯುವ ನೀರಿಗಿಂತ ಎಷ್ಟೋ ಪಾಲು ಶುದ್ಧವಾದದ್ದು. ಯಾಕೆಂದರೆ ಆ ನೀರಿಗೂ ರೋಗಿಯ ರಕ್ತಕ್ಕೂ ನಡುವೆ ಇರುವುದು ಒಂದು ತೆಳು ಪರದೆ ಮಾತ್ರ. ಹಳೆಯ ಪೈಪುಗಳ ಒಳಗೆ ಲೋಳೆ ಕಟ್ಟತೊಡಗಿತ್ತು. ಇನ್ನು ತಳ್ಳುವಂತಿಲ್ಲ ಎಂದು ಲ್ಯಾಬಿನವರು ಬರೆದುಕೊಟ್ಟಿದ್ದರು. ವಾರ್ಡು ಖಾಲಿ ಇರುವುದು ಭಾನುವಾರ ಒಂದೇ ದಿನ. ಶನಿವಾರ ಸಂಜೆ ಕೊನೆಯ ರೋಗಿ ಎದ್ದ ಮೇಲೆ ಹಳೆಯದನ್ನು ಕಿತ್ತು, ಹೊಸದು ಹಾಕಿ, ಕ್ರಿಮಿ ಸಾಯುವ ಔಷಧಿ ತುಂಬಿ, ಅದನ್ನು ಪೂರ್ತಿ ತೊಳೆದು, ಪರೀಕ್ಷೆಯಲ್ಲಿ ಪಾಸಾಗಿ, ಸೋಮವಾರ ಬೆಳಿಗ್ಗೆ ಯಂತ್ರಗಳು ಶುರುವಾಗಬೇಕು. ಸೋಮವಾರದ ರೋಗಿಗಳು ಶುಕ್ರವಾರದಿಂದ ಹಾಗೇ ಇರುವವರು. ವಾರದಲ್ಲಿ ಅವರಿಗೆ ಅತಿ ಉದ್ದನೆಯ ಕಾಯುವಿಕೆಯೇ ಅದು. ಅದಕ್ಕೆ ಇನ್ನೊಂದು ದಿನ ಸೇರಿದರೆ ಕೆಲವರ ಎದೆಯಲ್ಲಿ ನೀರು ತುಂಬುತ್ತದೆ, ಕೆಲವರ ಹೃದಯ ತಾಳ ತಪ್ಪುತ್ತದೆ. ಅಕ್ಕನದು ಸೋಮವಾರದ ಸರದಿ, ಅದೂ ಮಧ್ಯಾಹ್ನದ ಪಾಳಿ.

ಕೆಲಸಕ್ಕೆ ಎರಡು ವಾರ ಮುಂಚೆ ಅಂದಾಜಮ್ಮ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿದರು. ನಾನು, ಗಾರೆ ಕೆಲಸದವನು, ಕರೆಂಟಿನವನು, ಲ್ಯಾಬಿನವರು, ವಾರ್ಡಿನ ಡಾಕ್ಟರು. ಖರ್ಚಿನ ಕಾವಲಿಗೆ ಆಡಳಿತಾಧಿಕಾರಿ ಸಾಹೇಬರು. ಸಾಹೇಬರು ಕೆಟ್ಟವರಲ್ಲ. ಆಸ್ಪತ್ರೆಯ ದುಡ್ಡೆಂದರೆ ತಮ್ಮ ಹೊಟ್ಟೆಯದೇ ಎನ್ನುವ ಹಾಗೆ ಸಂಕಟಪಡುವವರು, ಅಷ್ಟೇ.

ನಾವೆಲ್ಲ ಮೊದಲು ಕೇಳಿದ್ದ ಹೊತ್ತನ್ನು ಕೂಡಿದರೆ ಎರಡು ಭಾನುವಾರ ಬೇಕಾಗಿತ್ತು. ಅಂದಾಜಮ್ಮ ಅದನ್ನು ಗೋಡೆಯ ಮೇಲೆ ಬರೆದು, ಎಲ್ಲರ ಮಧ್ಯದ ಅಂದಾಜಿನ ಸುತ್ತ ಒಂದು ಗೆರೆ ಎಳೆದರು.

“ನೀವೆಲ್ಲ ಕೆಟ್ಟ ದಿನಕ್ಕೆ ಅಂತ ಒಂದಿಷ್ಟು ಕಟ್ಟಿಟ್ಟುಕೊಂಡಿದ್ದೀರಿ. ತಪ್ಪಲ್ಲ. ಆದರೆ ಎಲ್ಲರ ಕೆಟ್ಟ ದಿನ ಒಂದೇ ಭಾನುವಾರ ಬರೋದಿಲ್ಲ. ಮೇಸ್ತ್ರಿಗೆ ಗೋಡೆ ತೊಂದರೆ ಕೊಟ್ಟ ದಿನ ಕರೆಂಟು ಸಲೀಸಾಗಿರುತ್ತೆ. ಅದಕ್ಕೆ ಒಬ್ಬೊಬ್ಬರೂ ಬೇರೆ ಬೇರೆ ಬಚ್ಚಿಡೋ ಬದಲು ಎಲ್ಲ ಸೇರಿಸಿ ಒಂದೇ ಕಡೆ ಇಡೋಣ. ಯಾರಿಗೆ ಬೇಕಾದ್ರೂ ತಗೊಳ್ಳಿ. ಆದ್ರೆ ಎಲ್ಲರ ಎದುರಿಗೇ ತಗೊಳ್ಳಬೇಕು.”

ಹೀಗೆ ಹೇಳಿ, ಚೀಲದಿಂದ ಒಂದು ಬ್ಯಾಂಡೇಜ್ ಸುರುಳಿ ತೆಗೆದರು. ಒಂದು ಗಂಟೆಗೆ ಒಂದು ಗೇಣು ಎಂದು ಅಳೆದು, ಒಂಬತ್ತು ಗೇಣು ಕತ್ತರಿಸಿ, ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಪಕ್ಕದಲ್ಲೇ ದಾರ ಕಟ್ಟಿದ ಒಂದು ಕತ್ತರಿ. ತಡವಾದವರು ಬಂದು ತಡವಾದಷ್ಟು ಕತ್ತರಿಸಬೇಕು. ಬೇಗ ಮುಗಿಸಿದವರು ಮಿಕ್ಕಿದ್ದನ್ನು ಪಿನ್ನು ಹೊಡೆದು ಸೇರಿಸಬೇಕು. ನಗು ಬಂತು ನನಗೆ. ಸಾಹೇಬರು ಮಾತ್ರ ಬ್ಯಾಂಡೇಜಿನ ಬೆಲೆ ಎಷ್ಟು ಎಂದು ಕೇಳಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಊರ ಆಚೆ ಬದಿಯ ಇನ್ನೊಂದು ಆಸ್ಪತ್ರೆಯಲ್ಲಿ ಸೋಮವಾರ ಬೆಳಗಿನ ಜಾವಕ್ಕೆ ನಾಲ್ಕು ಡಯಾಲಿಸಿಸ್ ಕುರ್ಚಿಗಳನ್ನು ಹಿಡಿದಿಡಬೇಕು ಎಂದರು. ಹಿಡಿದಿಡುವುದಕ್ಕೆ ಸ್ವಲ್ಪ ದುಡ್ಡು, ಭಾನುವಾರ ಸಂಜೆ ಐದರೊಳಗೆ ಬೇಕೇ ಬೇಕು ಎಂದರೆ ಪೂರ್ತಿ ದುಡ್ಡು. ಐದು ದಾಟಿದರೆ ಅವರು ಸಿಬ್ಬಂದಿ ಹೊಂದಿಸಲಾರರು.

“ಬಳಸದೇ ಇರೋ ಕುರ್ಚಿಗೆ ದುಡ್ಡು ಕೊಡೋದಾ?” ಎಂದರು ಸಾಹೇಬರು.

“ಬಳಸದೇ ಇದ್ರೆ ಸಂತೋಷ ಸಾರ್. ಅದು ಕುರ್ಚಿಗೆ ಕೊಡೋ ದುಡ್ಡಲ್ಲ. ಭಾನುವಾರ ಐದು ಗಂಟೆವರೆಗೂ ತೀರ್ಮಾನ ಕೈಯಲ್ಲಿ ಇಟ್ಕೊಳ್ಳೋಕೆ ಕೊಡೋದು.”

“ನಿಮ್ಮ ಲೆಕ್ಕ ಸರಿ ಇದ್ರೆ ಇದು ಬೇಡ ಅಲ್ವಾ?”

“ನನ್ನ ಲೆಕ್ಕದಲ್ಲೇ ಇದೂ ಇದೆ ಸಾರ್” ಎಂದು ಅವರ ಮುಂದೆ ಕಾಗದ ಚಾಚಿದರು. ಸಾಹೇಬರು ಮುಖ ಗಂಟಿಕ್ಕಿಕೊಂಡೇ ಸಹಿ ಹಾಕಿದರು. ಸಾಹೇಬರಿಂದ ಸಹಿ ಹೊರಡಿಸುವುದು ತುಕ್ಕು ಹಿಡಿದ ನಲ್ಲಿ ತಿರುಗಿಸಿದ ಹಾಗೆ ಎಂಬುದು ಬಲ್ಲವರಿಗೆ ಗೊತ್ತು. ಆ ಹೆಂಗಸಿನ ಮೇಲೆ ನನಗೆ ಮೊದಲ ಸಲ ಗೌರವ ಹುಟ್ಟಿದ್ದು ಆಗಲೇ.

ಆಮೇಲೆ ಅವರು ಮಾಡಿದ್ದು ನಾನು ಎಲ್ಲಿಯೂ ಕಂಡಿರದ ಕೆಲಸ. ಆ ಬುಧವಾರ ವಾರ್ಡಿಗೆ ಹೋಗಿ, ಸೋಮವಾರದ ರೋಗಿಗಳ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಅವರಿಗೂ ಮೂರು ಪ್ರಶ್ನೆ ಕೇಳಿದರು. ಸೋಮವಾರ ತಪ್ಪಿಹೋದರೆ ಎಷ್ಟು ತಡೆಯಬಲ್ಲಿರಿ? ಮೈ ಚೆನ್ನಾಗಿದ್ದರೆ ಯಾವಾಗಿನ ತನಕ, ಎಂದಿನ ಹಾಗಿದ್ದರೆ ಯಾವಾಗಿನ ತನಕ, ಕೆಟ್ಟಿದ್ದರೆ ಯಾವಾಗಿನ ತನಕ? ನಾನು ಅವತ್ತು ಅಕ್ಕನನ್ನು ಕರೆದೊಯ್ಯಲು ಬಂದವನು ಬಾಗಿಲಲ್ಲೇ ನಿಂತು ನೋಡಿದೆ. ಒಬ್ಬ ಮುದುಕರು “ಚೆನ್ನಾಗಿದ್ರೆ ಮಂಗಳವಾರ ಸಂಜೆ, ಇಲ್ಲದಿದ್ರೆ ಸೋಮವಾರ ಮಧ್ಯಾಹ್ನಕ್ಕೇ ನನ್ನ ಕಥೆ ಮುಗೀತು” ಎಂದು ನಕ್ಕರು. ಅಂದಾಜಮ್ಮ ನಗಲಿಲ್ಲ, ಬರೆದುಕೊಂಡರು.

ನನ್ನ ಅಕ್ಕ, “ಮಂಗಳವಾರ ಸಂಜೆ” ಎಂದಳು.

“ಅದು ಚೆನ್ನಾಗಿದ್ರೆ. ಎಂದಿನ ಹಾಗಿದ್ರೆ?”

“ಮಂಗಳವಾರ ಸಂಜೆ.”

“ಕೆಟ್ಟಿದ್ರೆ?”

“ಆಗಲೂ ಮಂಗಳವಾರ ಸಂಜೆನೇ ಕಣಮ್ಮ. ನನಗೇನಾಗುತ್ತೆ? ನೀವು ಬೇರೆಯವರನ್ನ ನೋಡಿ.”

ನನಗೆ ಹೆಮ್ಮೆಯಾಯಿತು. ನಮ್ಮ ಅಕ್ಕ ಗಟ್ಟಿಗಿತ್ತಿ ಎಂದುಕೊಂಡು, ಅವಳ ಚೀಲ ಹಿಡಿದುಕೊಂಡು ಮನೆಗೆ ಕರೆದೊಯ್ದೆ.

ಶನಿವಾರ ಸಂಜೆ ಕೊನೆಯ ರೋಗಿ ಹೊರಗೆ ಹೋದ ಕೂಡಲೇ ಸುತ್ತಿಗೆಗಳು ಒಳಗೆ ಬಂದವು. ಮನೆಯಿಂದ ಹೊರಡುವಾಗ ಅಕ್ಕ ಬಾಗಿಲ ತನಕ ಬಂದು, “ನನ್ನ ಯೋಚನೆ ಬಿಡು, ಕೆಲಸ ನೋಡು” ಎಂದಿದ್ದಳು. ನಾನು ಬಿಟ್ಟೇಬಿಟ್ಟಿದ್ದೆ. ಹಳೆಯ ಪೈಪು ಕೀಳುವಷ್ಟರಲ್ಲಿ ಗೋಡೆ ತನ್ನ ಗುಣ ತೋರಿಸಿತು. ಇಟ್ಟಿಗೆ ಇರಬೇಕಾದ ಕಡೆ ಕಾಂಕ್ರೀಟು ಸಿಕ್ಕಿ ಗಾರೆಯವನು ಬೆವರು ಒರೆಸಿಕೊಳ್ಳುತ್ತ ಹೋಗಿ ಎರಡು ಗೇಣು ಕತ್ತರಿಸಿದ. ಯಾರೂ ಬೈಯಲಿಲ್ಲ. ಅಂದಾಜಮ್ಮ ಅವನಿಗೊಂದು ಟೀ ಕೊಟ್ಟು, “ಕಾಂಕ್ರೀಟು ಸಿಕ್ಕಿದ್ದು ಬೇಗ ಹೇಳಿದ್ರಲ್ಲ, ಒಳ್ಳೇದಾಯ್ತು” ಎಂದರು. ತಡವಾದವನಿಗೆ ಟೀ ಕೊಡುವ ಮೇಲಧಿಕಾರಿಯನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ನಮ್ಮಲ್ಲಿ ತಡವಾದವನಿಗೆ ಸಿಗುವುದು ಬೇರೆಯೇ.

ಬೆಳಿಗ್ಗೆ ಇನ್ನೊಂದು ತಮಾಷೆಯಾಯಿತು. ಪಂಪಿಗೆ ವಯರು ಎಳೆಯಬೇಕಿದ್ದ ಕರೆಂಟಿನವನು ಕಾಣೆಯಾಗಿದ್ದ. ನಾನು ಹುಡುಕಿಕೊಂಡು ಹೋದರೆ ಆಸಾಮಿ ಪಂಪಿನ ಕೋಣೆಯಲ್ಲಿ ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಕೂತು ಪೇಪರ್ ಓದುತ್ತಿದ್ದ. ಕೆಲಸ ಮುಗಿದು ಆಗಲೇ ಒಂದೂವರೆ ಗಂಟೆಯಾಗಿತ್ತು.

“ಮುಗೀತು ಅಂತ ಹೇಳೋಕೇನು ಕಷ್ಟ ನಿನಗೆ?” ಎಂದು ಹರಿಹಾಯ್ದೆ.

“ಬೇಗ ಮುಗೀತು ಅಂದ್ರೆ ಮುಂದಿನ ಸಲ ಅಷ್ಟೇ ಹೊತ್ತು ಕೊಡ್ತಾರೆ ಅಣ್ಣ. ರೇಟೂ ಕಮ್ಮಿ ಮಾಡ್ತಾರೆ. ನಿನಗೆ ಗೊತ್ತಿಲ್ವಾ?”

ಗೊತ್ತಿಲ್ಲದೆ ಏನು, ನಾನೂ ಅದೇ ಬಕೆಟ್ಟಿನ ಮೇಲೆ ಕೂತವನೇ. ಅಷ್ಟರಲ್ಲಿ ಅಂದಾಜಮ್ಮ ಹಿಂದೆಯೇ ಬಂದು ನಿಂತಿದ್ದರು. ಬೈಗುಳ ಬಂತು ಎಂದು ಇಬ್ಬರೂ ತಲೆ ತಗ್ಗಿಸಿದೆವು. ಅವರು ಅವನನ್ನು ಕರೆದುಕೊಂಡು ಹೋಗಿ, ಅವನ ಕೈಯಲ್ಲೇ ಒಂದೂವರೆ ಗೇಣು ಅಳೆಸಿ, ಬ್ಯಾಂಡೇಜಿಗೆ ಪಿನ್ನು ಹೊಡೆಸಿ, ಎಲ್ಲರ ಎದುರು ಹೇಳಿದರು: “ಇವರು ಕೊಟ್ಟಿದ್ದು ಇದು. ಮುಂದಿನ ಕೆಲಸಕ್ಕೂ ಇವರ ಮೂರು ಅಂದಾಜನ್ನೇ ಕೇಳ್ತೀನಿ, ಇವತ್ತಿನ ಹೊತ್ತನ್ನ ಹಿಡಿದು ರೇಟು ಕಡಿಮೆ ಮಾಡೋದಿಲ್ಲ.” ಕರೆಂಟಿನವನು ಬಹುಮಾನ ತೆಗೆದುಕೊಂಡವನಂತೆ ಹಲ್ಲುಕಿರಿದ. ಆಮೇಲೆ ಅವನು ತನ್ನ ಕೆಲಸ ಮುಗಿದಿದ್ದರೂ ಮನೆಗೆ ಹೋಗದೆ ನನಗೆ ಪೈಪು ಹಿಡಿಯಲು ಬಂದ. ಹದಿನೈದು ವರ್ಷದ ಪರಿಚಯದಲ್ಲಿ ಅವನು ನನಗಾಗಿ ಒಂದು ಸ್ಕ್ರೂ ಕೂಡ ಎತ್ತಿಕೊಟ್ಟದ್ದಿಲ್ಲ.

ನಾನೂ ಸೊಟ್ಟ ಪೈಪುಗಳಿಗೆಂದು ಎರಡೂವರೆ ಗೇಣು ಕತ್ತರಿಸಿದೆ. ಪೈಪಿನ ಕೆಲಸ ಮುಗಿದಾಗ ಗೋಡೆಯಲ್ಲಿ ಇನ್ನೂ ಆರು ಗೇಣು ತೂಗುತ್ತಿತ್ತು. ಔಷಧಿ ತುಂಬಿ ನಿಲ್ಲಿಸಿ, ಶುದ್ಧ ನೀರಿನಿಂದ ತೊಳೆದೆವು. ಇನ್ನೇನು ಗೆದ್ದೆವು ಎಂದುಕೊಂಡು ನಾನು ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದೆ. ಲ್ಯಾಬಿನವರು ಪರೀಕ್ಷೆಯ ಕಾಗದದ ಪಟ್ಟಿಯನ್ನು ನೀರಿಗೆ ಅದ್ದಿದರು. ಬಿಳಿಯಾಗಿಯೇ ಇರಬೇಕಿದ್ದ ಪಟ್ಟಿ ನೀಲಿಗೆ ತಿರುಗಿತು. ನೀರಿನಲ್ಲಿ ಔಷಧಿ ಇನ್ನೂ ಇದೆ ಎಂದರ್ಥ. ಅದೇ ನೀರು ರೋಗಿಯ ರಕ್ತದ ಪಕ್ಕ ಹರಿದರೆ ಏನಾಗುತ್ತದೆ ಎಂದು ಡಾಕ್ಟರು ಹೇಳಿದ್ದರು, ನಾನು ಅದನ್ನು ಇಲ್ಲಿ ಬರೆಯುವುದಿಲ್ಲ.

ಮತ್ತೆ ತೊಳೆದೆವು. ಪಟ್ಟಿ ಬಿಳಿಯಾಯಿತು. ಕಾಲು ಗಂಟೆ ಬಿಟ್ಟು ಅದ್ದಿದರೆ ಮತ್ತೆ ನೀಲಿ. ಮೂರನೆಯ ಸಲ ತೊಳೆದರೂ ಅದೇ. ನಾನು ಬುಡದಿಂದ ತುದಿಯ ತನಕ ಪ್ರತಿ ನಲ್ಲಿಯನ್ನೂ ಬಿಚ್ಚಿ ಮುಚ್ಚಿದೆ. ನನ್ನ ನಕ್ಷೆಯ ಪ್ರಕಾರ ಔಷಧಿ ಅಡಗಿ ಕೂರಲು ಎಲ್ಲಿಯೂ ಜಾಗವೇ ಇರಲಿಲ್ಲ. ಆಗ ಗಂಟೆ ಐದಕ್ಕೆ ಐದು ನಿಮಿಷ. ಬ್ಯಾಂಡೇಜು ನಾಲ್ಕು ಗೇಣಿಗೆ ಇಳಿದಿತ್ತು.

ಅಂದಾಜಮ್ಮ ಫೋನು ಕೈಗೆ ತೆಗೆದುಕೊಂಡರು.

“ತಡೀರಿ ಮೇಡಂ” ಎಂದೆ. “ಇನ್ನೂ ನಾಲ್ಕು ಗೇಣು ಇದೆ. ಒಂದು ಗಂಟೆ ಕೊಡಿ, ಆಗುತ್ತೆ.”

“ಯಾಕೆ ನೀಲಿಯಾಗ್ತಿದೆ ಮೇಸ್ತ್ರಿ?”

“ಗೊತ್ತಿಲ್ಲ. ಆದ್ರೆ ತೊಳೀತಾ ಇದ್ರೆ ಹೋಗುತ್ತೆ.”

“ಆ ಬಟ್ಟೆ ಇರೋದು ಗೊತ್ತಿರೋ ಕೆಲಸ ತಡವಾಗೋದಕ್ಕೆ. ಗೋಡೆ ಗಟ್ಟಿ, ಪೈಪು ಸೊಟ್ಟ, ಅಂಥದ್ದಕ್ಕೆ. ಕಾರಣವೇ ಗೊತ್ತಿಲ್ಲದಿದ್ರೆ ಒಂದು ಗಂಟೆ ಅಂತ ಯಾವ ಆಧಾರದ ಮೇಲೆ ಹೇಳ್ತೀರಿ? ಆಗ ಇಡೀ ಆಸ್ಪತ್ರೆಯ ಬ್ಯಾಂಡೇಜು ತಂದು ನೇತುಹಾಕಿದ್ರೂ ಸಾಲೋದಿಲ್ಲ.”

ಹೀಗೆ ಹೇಳಿ ನಂಬರು ಒತ್ತಿದರು. ದನಿ ಏರಿಸಲಿಲ್ಲ, ಸಾಹೇಬರ ಕಡೆ ತಿರುಗಿಯೂ ನೋಡಲಿಲ್ಲ. ಎರಡು ವಾರದ ಹಿಂದೆ ತಲೆ ತಣ್ಣಗಿದ್ದಾಗ ಮಾಡಿಟ್ಟ ತೀರ್ಮಾನವನ್ನು ಈಗ ಬರೀ ಜಾರಿ ಮಾಡುತ್ತಿದ್ದರು. ಪೂರ್ತಿ ದುಡ್ಡು, ನಾಲ್ಕು ಕುರ್ಚಿ, ನಾಲ್ಕು ಹೆಸರು. ಮೊದಲು ಆ ನಗುವ ಮುದುಕರ ಹೆಸರು. ಆಮೇಲೆ ಇನ್ನಿಬ್ಬರದು. ನಾಲ್ಕನೆಯದು ನನ್ನ ಅಕ್ಕನ ಹೆಸರು.

ನಾನು ಅವರ ಎದುರಿಗೆ ಹೋಗಿ ನಿಂತೆ. “ನಮ್ಮ ಅಕ್ಕನ ಹೆಸರು ಯಾಕೆ? ಅವಳು ಮಂಗಳವಾರದ ತನಕ ತಡೀತೀನಿ ಅಂದಿದ್ದಾಳೆ. ನಾನೇ ಕೇಳಿಸ್ಕೊಂಡಿದ್ದೀನಿ.”

“ಹೆಸರುಗಳ ಪಟ್ಟಿ ಡಾಕ್ಟರು ಮಾಡಿದ್ದು ಮೇಸ್ತ್ರಿ. ಆದ್ರೆ ನಿಮ್ಮಕ್ಕನ ಹೆಸರು ಸೇರಿಸಿ ಅಂತ ಕೇಳಿದ್ದು ನಾನೇ. ಮೂರಕ್ಕೂ ಒಂದೇ ಉತ್ತರ ಕೊಟ್ಟರು. ಮನುಷ್ಯರ ಮೈ ಅಂದ್ಮೇಲೆ ಹಾಗಿರೋದಿಲ್ಲ. ಹಾಗೆ ಹೇಳೋರು ಏನೋ ಒಂದನ್ನ ಮುಚ್ಚಿಡ್ತಿರ್ತಾರೆ.”

“ನಮ್ಮಕ್ಕ ಸುಳ್ಳು ಹೇಳ್ತಾಳೆ ಅಂತೀರಾ?”

“ಸುಳ್ಳು ಅನ್ನಲಿಲ್ಲ. ನನಗೆ ಗೊತ್ತಾಗ್ಲಿಲ್ಲ ಅಂತ ಹೇಳಿದೆ.”

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅಕ್ಕನನ್ನು ಸಾಯುವವರ ಪಟ್ಟಿಗೆ ಸೇರಿಸಿದಿರಿ ಎಂದೆ. ಅಡುಗೆಮನೆಯಲ್ಲಿ ಉಪ್ಪು ಅಳೆಯುವ ಹಾಗೆ ಮನುಷ್ಯರನ್ನು ಅಳೆಯುತ್ತೀರಿ ಎಂದೆ. ಅವರು ನಿಂತು ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಕಾರಣ ಹುಡುಕೋಣ ಬನ್ನಿ” ಎಂದು ತಾವೇ ಟಾರ್ಚು ಹಿಡಿದು ನೆಲದ ಮೇಲೆ ಮಂಡಿಯೂರಿದರು. ಬೈಸಿಕೊಂಡವರೇ ದೀಪ ಹಿಡಿದರೆ ಎಷ್ಟು ಹೊತ್ತು ಸಿಟ್ಟು ಮಾಡಲಾಗುತ್ತದೆ? ನಾನೂ ಮಂಡಿಯೂರಿದೆ.

ಗೋಡೆಯ ಬುಡದಲ್ಲಿ ಒಂದೊಂದೇ ಜೋಡಣೆಯ ಮೇಲೆ ಬೆರಳಾಡಿಸುತ್ತ ಹೋದೆವು. ಮೂಲೆಯ ಹತ್ತಿರ ನನ್ನ ಬೆರಳು ನಿಂತಿತು. ಅಲ್ಲಿ ಒಂದು ಕವಲಿತ್ತು. ಅದು ನನ್ನ ಕೈಯ ಕೆಲಸವಲ್ಲ. ಅಂಟು ಒರೆಸಿದ ರೀತಿಯಲ್ಲೇ ಗೊತ್ತಾಗುತ್ತದೆ. ಕವಲಿನಿಂದ ಮೊಳದುದ್ದದ ಪೈಪು ಗೋಡೆಯೊಳಗೆ ಹೋಗಿ, ಬಾಯಿ ಮುಚ್ಚಿಕೊಂಡು ಕೂತಿತ್ತು. ಎಲ್ಲಿಗೂ ಹರಿಯದ ಪೈಪು. ಔಷಧಿ ಅದರೊಳಗೆ ಸೇರಿಕೊಂಡು, ಎಷ್ಟು ತೊಳೆದರೂ ಕದಲದೆ, ನೀರು ನಿಂತ ಕೂಡಲೇ ಚೂರುಚೂರೇ ಹೊರಬರುತ್ತಿತ್ತು.

ರಾತ್ರಿಯಿಂದ ನನ್ನ ಜೊತೆ ಪೈಪು ಹಾಕಿದ ಜೊತೆಗಾರ ಮಧ್ಯಾಹ್ನವೇ ಪಾಳಿ ಮುಗಿಸಿ ಮನೆಗೆ ಹೋಗಿದ್ದ. ಫೋನು ಮಾಡಿ ನಿದ್ದೆಯಿಂದ ಎಬ್ಬಿಸಿ ಕೇಳಿದೆ. “ಬೆಳಿಗ್ಗೆ ನೀನು ಕೆಳಗಿದ್ದಾಗ ಸಾಹೇಬ್ರು ಬಂದಿದ್ರು ಅಣ್ಣ. ಹೇಗೂ ಗೋಡೆ ಒಡೆದಿದ್ದೀರಿ, ಮುಂದಿನ ವರ್ಷ ಇನ್ನೊಂದು ಯಂತ್ರ ತರ್ತೀವಿ, ಅದಕ್ಕೊಂದು ಪಾಯಿಂಟು ಬಿಟ್ಟುಬಿಡಿ, ಆಗ ಮತ್ತೆ ಗೋಡೆ ಒಡೆಯೋ ಖರ್ಚು ಉಳಿಯುತ್ತೆ ಅಂದ್ರು. ಅರ್ಧ ಗಂಟೆ ಕೆಲಸ, ಮಾಡಿಬಿಟ್ಟೆ” ಎಂದ.

ಸಾಹೇಬರು ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಪಾಪ, ಉಳಿಸಲು ಹೋದವರು. ಕೆಂಪಗಾದ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಅಂದಾಜಮ್ಮ ಅವರಿಗೂ ಬೈಯಲಿಲ್ಲ. “ಮುಂದಿನ ವರ್ಷ ಬೇಕಾಗೋದನ್ನ ಮುಂದಿನ ವರ್ಷ ಸೇರಿಸೋಣ ಸಾರ್” ಎಂದರು ಅಷ್ಟೇ. ನಾನು ಆ ಕವಲು ಕತ್ತರಿಸಿ ತೆಗೆದು, ನೇರ ಪೈಪು ಕೂರಿಸಿದೆ. ಔಷಧಿ ತುಂಬುವುದು, ತೊಳೆಯುವುದು ಎಲ್ಲ ಮೊದಲಿನಿಂದ. ಕಾರಣ ಗೊತ್ತಾದ ಮೇಲೆ ಅವರು ನನ್ನ ಮೂರು ಅಂದಾಜು ಕೇಳಿದರು, ನಾನು ಹೇಳಿದ ಮಧ್ಯದ ಹೊತ್ತಿಗೇ ಸರಿಯಾಗಿ ಮುಗಿಯಿತು. ಬ್ಯಾಂಡೇಜಿನಲ್ಲಿ ಗೇಣಿಗಿಂತ ಕಮ್ಮಿ ಉಳಿದಿತ್ತು. ಪಟ್ಟಿ ಬಿಳಿಯಾಗಿತ್ತು, ಬಿಳಿಯಾಗಿಯೇ ಉಳಿಯಿತು.

“ಹಾಗಾದ್ರೆ ಆ ನಾಲ್ಕು ಕುರ್ಚಿ ಬೇಡ ಅಂತ ಹೇಳಿಬಿಡಿ. ಅರ್ಧ ದುಡ್ಡಾದ್ರೂ ವಾಪಸ್ ಬರುತ್ತೆ” ಎಂದರು ಸಾಹೇಬರು. ಅಷ್ಟರಲ್ಲಿ ಅವರಿಗೆ ದನಿ ಮರಳಿ ಬಂದಿತ್ತು.

“ಅವರು ನಮ್ಮ ಮಾತು ನಂಬಿ ಸಿಬ್ಬಂದೀನ ಕರೆಸಿದ್ದಾರೆ. ನಾಲ್ಕು ಜನಕ್ಕೂ ಬೆಳಗಿನ ಜಾವಕ್ಕೆ ವ್ಯಾನು ಬರುತ್ತೆ ಅಂತ ಹೇಳಿಯಾಗಿದೆ. ಅವರು ಅಲ್ಲಿಗೇ ಹೋಗ್ಲಿ ಸಾರ್. ನಮ್ಮ ಯಂತ್ರಗಳೂ ಮೊದಲ ದಿನ ಸ್ವಲ್ಪ ನಿಧಾನಕ್ಕೇ ಓಡಲಿ.”

“ವಿನಾಕಾರಣ ಖರ್ಚು.”

“ಐದು ಗಂಟೆಗೆ ನಮಗೆ ಗೊತ್ತಿದ್ದಿದ್ದು ಎಷ್ಟೋ ಅಷ್ಟರಲ್ಲಿ ಅದು ಸರಿಯಾಗಿತ್ತು. ಎಂಟು ಗಂಟೆಗೆ ಗೊತ್ತಾಗಿದ್ದನ್ನ ಇಟ್ಕೊಂಡು ಐದು ಗಂಟೆಯ ತೀರ್ಮಾನ ತಪ್ಪು ಅನ್ನೋದು ನ್ಯಾಯ ಅಲ್ಲ ಸಾರ್.”

ಅವತ್ತಿನ ದಣಿವಿನಲ್ಲೂ ಈ ಮಾತು ನನ್ನ ತಲೆಯಲ್ಲಿ ನಾಟಿತು. ನನ್ನ ಜೀವಮಾನದಲ್ಲಿ ಕೇಳಿದ ಬೈಗುಳಗಳಲ್ಲಿ ಮುಕ್ಕಾಲು ಪಾಲು ಎಂಟು ಗಂಟೆಯವರು ಐದು ಗಂಟೆಯವನಿಗೆ ಬೈದವೇ. ಅದನ್ನು ಇಷ್ಟು ಸಣ್ಣ ಮಾತಿನಲ್ಲಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಮನೆಗೆ ಬಂದಾಗ ಅಕ್ಕ ಕುರ್ಚಿಯ ಮೇಲೆ ನೆಟ್ಟಗೆ ಕೂತು ಟಿವಿ ನೋಡುತ್ತಿದ್ದಳು. ವ್ಯಾನಿನ ವಿಷಯಕ್ಕೆ ಅವಳಿಗೂ ಸಿಟ್ಟು. “ನನ್ನ ಕುರ್ಚಿ ಇಲ್ಲಿರೋವಾಗ ಯಾವುದೋ ಊರಾಚೆ ಯಾಕೆ? ನಾನೇನು ಕೈಲಾಗದವಳಾ?” ಎಂದಳು. ನಾನು, “ಅಂದಾಜಮ್ಮನ ಹಟ, ಏನ್ಮಾಡೋದು, ಹೋಗಿಬರೋಣ” ಎಂದು ಹೇಳಿ, ಬಿದ್ದ ಕಡೆಯೇ ನಿದ್ದೆ ಹೋದೆ.

ಬೆಳಗಿನ ಜಾವ ವ್ಯಾನು ಬಂತು. ನಮ್ಮ ಮನೆಯಿಂದ ಗೇಟಿಗೆ ಇರುವುದು ಹತ್ತು ಹೆಜ್ಜೆ. ಅಕ್ಕ ನಡುವೆ ಎರಡು ಸಲ ನಿಂತಳು. ಒಮ್ಮೆ ಚಪ್ಪಲಿ ಸರಿಮಾಡಿಕೊಂಡಳು, ಇನ್ನೊಮ್ಮೆ ಗಿಡ ನೋಡಿದಳು. ಬೀದಿ ದೀಪದ ಬೆಳಕಿನಲ್ಲಿ ಅವಳ ತುಟಿಯ ಬಣ್ಣ ನನಗೆ ಹಿಡಿಸಲಿಲ್ಲ.

ಆ ಆಸ್ಪತ್ರೆಯ ಡಾಕ್ಟರು ಹುಡುಗಿಯಂಥವರು. ಅಕ್ಕನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಎರಡು ಸಲ ಉಸಿರೆಳೆಸಿ, ಮುದುಕರನ್ನು ಕೂರಿಸುತ್ತಿದ್ದ ನರ್ಸಿಗೆ, “ಇವರು ಮೊದಲು. ಆಕ್ಸಿಜನ್ ಕೊಡಿ” ಎಂದರು. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ಎದೆಯಲ್ಲಿ ನೀರು ತುಂಬಿದೆ. ಇವರದು ಅಲ್ಲಿ ಮಧ್ಯಾಹ್ನದ ಪಾಳಿ ಅಂದ್ರಲ್ಲ? ಮಧ್ಯಾಹ್ನದ ತನಕ ಬಿಟ್ಟಿದ್ರೆ ನಾನು ಏನೂ ಹೇಳೋ ಹಾಗಿರಲಿಲ್ಲ.”

ಗೋಡೆ ಹಿಡಿದು ಸ್ಟೂಲಿನ ಮೇಲೆ ಕೂತೆ. ಯಂತ್ರ ತಿರುಗತೊಡಗಿತು. ಒಂದು ಗಂಟೆ ಕಳೆಯುವಷ್ಟರಲ್ಲಿ ಅಕ್ಕನ ಮುಖಕ್ಕೆ ಮುಖದ ಬಣ್ಣ ಬಂತು. ಆಗ ನನಗೆ ಸಿಟ್ಟು ಬಂತು.

“ಯಾವಾಗಿಂದ ಅಕ್ಕ ಇದು?”

“ಶನಿವಾರ ರಾತ್ರಿಯಿಂದ. ಮಲಗಿದ್ರೆ ಉಸಿರು ಕಟ್ತಿತ್ತು. ಕುರ್ಚಿ ಮೇಲೇ ಕೂತಿದ್ದೆ.”

“ಎರಡು ರಾತ್ರಿ ಕೂತೇ ಇದ್ಯಾ? ಒಂದು ಫೋನು ಮಾಡಬಾರದಿತ್ತಾ?”

“ಮಾಡಿದ್ರೆ ನೀನು ಪೈಪು ಬಿಸಾಕಿ ಓಡಿ ಬರ್ತಿದ್ದೆ. ಬರ್ತಿರಲಿಲ್ವಾ? ಆಮೇಲೆ ಸೋಮವಾರ ಅಷ್ಟೂ ಜನ ಎಲ್ಲಿಗೆ ಹೋಗ್ಬೇಕು ಪುಟ್ಟ? ನನ್ನಿಂದ ನಿನ್ನ ಕೆಲಸ ತಡವಾಗೋದು ಬೇಡ ಅನ್ನಿಸ್ತು.”

ನನಗೆ ಅಳು ಬಂತು, ಅತ್ತೆ. ಪಕ್ಕದ ಕುರ್ಚಿಯ ಮುದುಕರು ಸಭ್ಯಸ್ಥರು, ಕಣ್ಣು ಮುಚ್ಚಿಕೊಂಡು ನಿದ್ದೆಯ ನಟನೆ ಮಾಡಿದರು.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಅಂದಾಜಮ್ಮ. ನಮ್ಮ ವಾರ್ಡಿನಲ್ಲಿ ಎಲ್ಲ ಯಂತ್ರಗಳೂ ಓಡುತ್ತಿವೆ ಎಂಬ ಸುದ್ದಿ ಹೇಳಬಹುದಿತ್ತು, ಅದನ್ನು ಅವರು ಹೇಳಲಿಲ್ಲ. “ಅಕ್ಕ ಹೇಗಿದ್ದಾರೆ ಮೇಸ್ತ್ರಿ?” ಎಂದು ಕೇಳಿದರು. ನಾನು ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ನಿನ್ನೆ ಆಡಿದ ಮಾತಿಗೆ ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಸೂಜಿಯಿಲ್ಲದ ಕೈ ಚಾಚಿ ಫೋನು ಇಸಿದುಕೊಂಡಳು.

“ನಾನು ಯಾರ ಹತ್ರನೂ ಬಾಯಿ ಬಿಟ್ಟಿರಲಿಲ್ಲ. ನಿಮಗೆ ಹೇಗಮ್ಮ ಗೊತ್ತಾಯ್ತು?”

ವಾರ್ಡು ಶಾಂತವಾಗಿತ್ತು, ಆ ಕಡೆಯ ದನಿ ನನಗೂ ಕೇಳಿಸಿತು. “ಗೊತ್ತಾಗಿರಲಿಲ್ಲ ಅಕ್ಕ. ಗೊತ್ತಾಗದೇ ಇದ್ದಿದ್ದಕ್ಕೇ ಕುರ್ಚಿ ಇಟ್ಟಿದ್ದು.”

ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟು, ದಿಂಬಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ನಿದ್ದೆ ಬಂತೆಂದುಕೊಂಡೆ. ಬಂದಿರಲಿಲ್ಲ.

“ತುಂಬಾ ಹೆದರಿಕೆ ಆಗಿತ್ತು ಕಣೋ ಪುಟ್ಟ” ಎಂದಳು.

ಅಪ್ಪ ಹೋದ ದಿನವೂ, ಅಮ್ಮ ಹೋದ ದಿನವೂ, ಎರಡು ಕಿಡ್ನಿಯೂ ಹೋದವೆಂದು ಡಾಕ್ಟರು ಹೇಳಿದ ದಿನವೂ ಈ ಮಾತು ಅವಳ ಬಾಯಿಂದ ಬಂದಿರಲಿಲ್ಲ. ನಾನು ಸ್ಟೂಲು ಹತ್ತಿರಕ್ಕೆ ಎಳೆದುಕೊಂಡು ಅವಳ ಕೈ ಹಿಡಿದೆ. ಯಂತ್ರ ನಿಲ್ಲುವ ತನಕ ಬಿಡಲಿಲ್ಲ.